ಕಾವಲುಗಾರ: ಇದ್ದಾನೆ / ಇಲ್ಲ

ಸಿದ್ಧಾಂತ ಹೇಳುವುದಿಷ್ಟೇ:
ಕದಿಯುವ ಮನಸ್ಸೊಂದು, ಕದಿಯಬಹುದಾದ ವಸ್ತುವೊಂದು,
ತಡೆಯಬಲ್ಲ ಕಾವಲುಗಾರನಿಲ್ಲದ ಒಂದು ಗಳಿಗೆ,
ಮೂರೂ ಕೂಡಿದಲ್ಲಿ ಅಪರಾಧ.

ಪೆರಿನ್ ಮೇಡಂ ಕನ್ನಡಕ ಹಣೆಗೇರಿಸಿ ಕೇಳುತ್ತಾರೆ:
"ಚೆಂದವಿದೆ. ಸುಳ್ಳಾಗುವುದು ಹೇಗೆ, ಅದನ್ನು ಹೇಳು.
ಸುಳ್ಳಾಗಲು ಬಾಗಿಲೇ ಇಲ್ಲದ ಮಾತು
ಪ್ರವಚನಕ್ಕೆ ಸರಿ, ಪ್ರಬಂಧಕ್ಕಲ್ಲ."

ಹಾಗಾಗಿ ಬಾಗಿಲು ಕೊರೆಯುತ್ತ ಕೂತಿದ್ದೇನೆ.
ಚೆಂಬೂರಿನ ಅರವತ್ತೆರಡು ಸೊಸೈಟಿ, ಒಂದು ವರ್ಷದ ಕಳವು,
ಉದ್ದಕ್ಕೆ ಗೆರೆ ಎಳೆದು ಒಂದು ಕಾಲಂ:
ಕಾವಲುಗಾರ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ.
ಪೆನ್ಸಿಲ್ಲು ನಿಂತದ್ದು ಅಲ್ಲಿ.
ಆ ಒಂದರ ಜಾಗದಲ್ಲಿ ಅಪ್ಪ ಕೂತಿದ್ದ,
ಒಂದು ಕೈ ಮುರಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮಡಿಲಲ್ಲಿ ಟಾರ್ಚು.

ಇಂಡಿ ತಾಲೂಕಿನ ಮಲಕಪ್ಪ, ಟಿಳಕನಗರದ ಶುಭಾಂಗಣದಲ್ಲಿ
ರಾತ್ರಿ ಎಂಟರಿಂದ ಬೆಳಗಿನ ಎಂಟು.
ನಾಲ್ಕನೇ ಮಹಡಿಯ ಬಂಗಾರ ಹೋದ ರಾತ್ರಿ
ಪೊಲೀಸರ ಲೆಕ್ಕದಲ್ಲಿ ಅವನು ಕಾವಲುಗಾರನಾಗಿ ಉಳಿಯಲಿಲ್ಲ,
ಮೊದಲನೆಯ ಸಾಲಿಗೆ ಜಿಗಿದ: ಕದಿಯುವ ಮನಸ್ಸು.

"ತಾಸಿಗೊಮ್ಮೆ ಸುತ್ತು ಹಾಕೇನ್ರಿ, ಬರದೇನ್ರಿ," ರಿಜಿಸ್ಟರ್ ಮುಂದಿಟ್ಟ.
ಬರೆದದ್ದು ಕನ್ನಡ ಅಂಕಿಗಳಲ್ಲಿ.
ಹವಾಲ್ದಾರ ಅತ್ತ ತಿರುಗಿಸಿದ, ಇತ್ತ ತಿರುಗಿಸಿದ;
ಎರಡು, ನಾಲ್ಕು ಹೇಗೋ ಓದಿಸಿಕೊಂಡವು, ಸೊನ್ನೆ ಎಲ್ಲರದೂ,
ಉಳಿದದ್ದು ಗುಪ್ತಲಿಪಿ. ಯಾರಿಗೆ ಬರೆದೆ?
ಎರಡು ರಾತ್ರಿ ಠಾಣೆಯಲ್ಲಿ ಕೂಡಿಸಿದರು.
ಕಳ್ಳ ಆಮೇಲೆ ಸಿಕ್ಕ, ಅದೇ ಮನೆಯ ಅಳಿಯ.
ಕೆಲಸ ಸಿಗಲಿಲ್ಲ.

ರದ್ದಿಗೆ ಹೋಗಬೇಕಿದ್ದ ಆ ರಿಜಿಸ್ಟರಿನ ಖಾಲಿ ಬೆನ್ನ ಮೇಲೆ
ನಾನು ಮಗ್ಗಿ ಕಲಿತೆ, ಭಾಗಾಕಾರ ಕಲಿತೆ.

ಈಗ ಕಲಿಯುತ್ತಿರುವುದು ಶೂನ್ಯ ಪ್ರಾಕ್ಕಲ್ಪನೆ:
ಕಾವಲಿಗೂ ಕಳವಿಗೂ ಸಂಬಂಧವೇ ಇಲ್ಲ ಎಂದು
ಮೊದಲು ಒಪ್ಪಿಕೊಂಡು ನಡೆಯಬೇಕು,
ಲೆಕ್ಕ ಎದ್ದು ನಿಂತು ಅಲ್ಲ ಅನ್ನುವವರೆಗೆ.
ನಮ್ಮ ಕಡೆ ಶೂನ್ಯಕ್ಕೆ ಸಿಂಹಾಸನ ಹಾಕಿದ್ದರು;
ಇಲ್ಲಿ ಅದಕ್ಕೆ ಕಟಕಟೆ, ಆದರೂ ತೀರ್ಪಿನ ತನಕ
ನಿರಪರಾಧಿ ಎಂಬ ಗೌರವ.
ಅಪ್ಪನಿಗೆ ಅಷ್ಟೂ ಸಿಕ್ಕಿರಲಿಲ್ಲ.

ನಿನ್ನೆ ಮಾನ್‌ಖುರ್ದಿನ ಮನೆಯಲ್ಲಿ ಅಟ್ಟದಿಂದ ಅದನ್ನು ಇಳಿಸಿದೆ.
೧೨, ೧, ೨, ೩, ೪.
ಒಂದೇ ಶಾಯಿ, ಒಂದೇ ವಾಲು, ಒಂದೇ ಒತ್ತು,
ಐದು ಸುತ್ತು ಒಂದೇ ಉಸಿರಿಗೆ ಬರೆದಂತೆ.
ಎಷ್ಟು ವರ್ಷ ಇದರ ಬೆನ್ನ ಮೇಲೆ ಬರೆದಿದ್ದೆ!
ಅಪ್ಪನ ಮೇಲಿನ ನಂಬಿಕೆಗೆ ನಾನು ಬಾಗಿಲಿಟ್ಟಿರಲಿಲ್ಲ.
ನೀರು ಕುಡಿದು, ಕೇಳಿದೆ.

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.
"ಹನ್ನೆರಡ್ ತಾಸು ಯಾರು ಎಚ್ಚರ ಇರ್ತಾರವಾ?
ಹಗಲಿಗೆ ಬ್ಯಾರೆ ಕಡೆ ಗಾರೆ ಕೆಲಸಾ ಇತ್ತಲ್ಲ.
ಮೂರಕ್ಕ ಕಣ್ಣು ತಾವ ಮುಚ್ಚತಿದ್ವು."

ಕಾಲಂ ಅಳಿಸಿದೆ. ಹೊಸದಾಗಿ ಬರೆದೆ:
ಪಾಳಿ ಎಂಟು ತಾಸು ಮೀರಿದ ಸೊಸೈಟಿಗಳಲ್ಲಿ
ಮೂರರಿಂದ ಐದರ ನಡುವಿನ ಕಳವು ಹೆಚ್ಚು.
ಸುಳ್ಳಾಗಬಹುದು. ಕಳವಾದ ಗಳಿಗೆ ಯಾರಿಗೂ ಗೊತ್ತಿರುವುದಿಲ್ಲ,
ದೂರು ಕೊಡದವರು ಎಷ್ಟೋ. ಮೇಡಂ ಕೆಂಪು ಶಾಯಿಯಲ್ಲಿ ಬರೆದಾರು:
ಮಗಳಾಗಿ ಯೋಚಿಸಬೇಡ.
ಬರೆಯಲಿ.

ಈ ಹೊತ್ತು ಮೂರೂ ನಲವತ್ತು. ಹದಿನೇಳನೆಯ ಗೇಟು.
ಕುರ್ಚಿಯಲ್ಲಿ ಗೋರಖ್‌ಪುರದ ಹುಡುಗ, ಗದ್ದ ಎದೆಗೆ ಅಂಟಿದೆ,
ತೊಡೆಯ ಮೇಲೆ ರಿಜಿಸ್ಟರ್. ನಾಲ್ಕರ ಸಾಲು
ಆಗಲೇ ತುಂಬಿದೆ.
ಕಬ್ಬಿಣದ ಮೇಲೆ ಬಡಿಯಲು ಎತ್ತಿದ ಬೆರಳು ಇಳಿಸಿದೆ.
ಎಬ್ಬಿಸಿದರೆ ದತ್ತಾಂಶ ಕೆಡುತ್ತದೆ.
ಅವನು ತಾನಾಗಿ ಏಳುವ ತನಕ
ಗೇಟಿನ ಹೊರಗೆ ನಿಂತು
ಕಾಯುತ್ತಿದ್ದೇನೆ.