ಕೊನೆಯವಳ ಲೆಕ್ಕ

ಹದಿನೆಂಟು ಸೈಕಲ್ಲು. ನನ್ನದು ಹದಿನೆಂಟನೆಯದು.
ಮಿಜನ್ ಭೂಶಿರದ ಬೆಳಗಿನ ಗಾಳಿಯಲ್ಲಿ
ಯೂನನ್ ನಕ್ಷೆ ಮಡಿಚುತ್ತ ಹೇಳಿದ್ದು ಒಂದೇ ನಿಯಮ:
'ಬ್ರೀಡ್, ನೀನು ಯಾರನ್ನೂ ದಾಟುವ ಹಾಗಿಲ್ಲ.'

ದಕ್ಷಿಣದ ಈ ತುದಿಯಿಂದ ಉತ್ತರದ ಆ ತುದಿಗೆ
ಆರು ಹಗಲು. ಐರ್ಲೆಂಡನ್ನು ಇಡಿಯಾಗಿ
ನಾನು ನೋಡಿದ್ದು ಬೆನ್ನುಗಳ ಸಂದಿಯಿಂದ:

ಬೆವರು ದ್ವೀಪ ಬರೆದ ಹಳದಿ ಅಂಗಿ,
ಕೆಸರು ಚಿಮ್ಮಿ ಚುಕ್ಕಿಬಿದ್ದ ಅಂಡು,
ಮೊದಲ ದಿನ ಹರಟುವ, ಎರಡನೆಯ ದಿನ ಹಾಡುವ,
ಮೂರನೆಯ ದಿನ ಬರೀ ಉಸಿರಾಡುವ ಬೆನ್ನು.
ಮುಖ ಸುಳ್ಳು ಹೇಳುತ್ತದೆ ಊಟದ ಮೇಜಿನಲ್ಲಿ;
ಏರಿನಲ್ಲಿ ಬೆನ್ನಿಗೆ ಆ ವಿದ್ಯೆ ಬರುವುದಿಲ್ಲ.
ನರ್ಸ್ ಸೊರಖಾ ಅತ್ತದ್ದು ನನಗೊಬ್ಬಳಿಗೇ ಗೊತ್ತು,
ಲಿಮರಿಕ್ ದಾಟಿದ ಮೇಲೆ, ಸಮತಟ್ಟು ದಾರಿಯಲ್ಲಿ,
ಏರೂ ಇಲ್ಲದೆ, ಗಾಳಿಯೂ ಇಲ್ಲದೆ.

ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು,
ಕನ್ನಡಿಯಲ್ಲಿ ಹಿಂದೆ ನೋಡುತ್ತಲೇ ಮುಂದೆ ಹೋದವಳು.
ಯಾರು ಯಾರ ಜಡೆ ಎಳೆದರು, ಯಾರ ಡಬ್ಬಿಯಲ್ಲಿ ಏನೂ ಇಲ್ಲ,
ಎಲ್ಲ ಆ ಗೇಣುದ್ದ ಗಾಜಿನಲ್ಲಿ.
ಈಗ ನನ್ನ ಹಿಂದೆ ಯಾರೂ ಇಲ್ಲ.
ಮಳೆ ಬರುತ್ತದೆ, ಹಾಲಿನ ಲಾರಿ ಬರುತ್ತದೆ, ಅಷ್ಟೇ.

ಟ್ಯೂಮ್ ಊರಿನ ಹಾಸ್ಟೆಲಿನಲ್ಲಿ ರಾತ್ರಿ
ಹೀಟರಿನ ಮೇಲೆ ಹದಿನೆಂಟು ಜೊತೆ ಕಾಲುಚೀಲ,
ಆ ನಾತಕ್ಕೆ ಕಿಟಕಿ ತಾನಾಗಿಯೇ ತೆರೆಯಬೇಕು.
ಯಾರೋ ಲೆಕ್ಕ ಹಾಕಿದರು: ಇವತ್ತು ನೂರಿಪ್ಪತ್ತು.
ನನ್ನ ಲೆಕ್ಕ ಬೇರೆ: ಮೂರು ಪಂಕ್ಚರು, ಒಂದು ಜಗಳ,
ಬಿದ್ದು ಎದ್ದದ್ದು ಎರಡು, ಬಿದ್ದೇ ಇಲ್ಲ ಎಂದದ್ದು ಒಂದು.

ನನ್ನ ಮುಂದಿನವನು ಟರ್ಲೊ.
ಅರವತ್ತೊಂದು ವಯಸ್ಸು, ಅದಕ್ಕಿಂತ ಹಳೆಯ ಮಂಡಿ.
ಪ್ರತಿ ದಿಬ್ಬದ ಬುಡದಲ್ಲೂ 'ನೀನು ಹೋಗು' ಅನ್ನುತ್ತಾನೆ,
ಪ್ರತಿ ದಿಬ್ಬದ ಬುಡದಲ್ಲೂ ನಾನು
ಸರಿಯಾಗಿಯೇ ಇರುವ ಚೈನಿಗೆ ಎಣ್ಣೆ ಬಿಡುತ್ತೇನೆ.

ಐದನೆಯ ದಿನ ಒಂದು ಮೋಟು ಸೇತುವೆ.
ಈಚೆ ದಡದಲ್ಲಿ ಕಿಲೋಮೀಟರು, ಆಚೆ ದಡದಲ್ಲಿ ಮೈಲಿ.
ರಸ್ತೆಯಂಚಿನ ಹಳದಿ ಗೆರೆ
ಯಾರನ್ನೂ ಕೇಳದೆ ಬಿಳಿಯಾಗುತ್ತದೆ.
ಚಕ್ರಕ್ಕೆ ತಿಳಿಯಲಿಲ್ಲ. ಟರ್ಲೊನ ಕಾಲಿಗೆ ತಿಳಿಯಿತು.
ಇಳಿದ. ಮುಳ್ಳುಬೇಲಿಯ ಎದುರು ನಿಂತ.

'ಇಲ್ಲೇ,' ಅಂದ. 'ಬ್ರೆಡ್ಡಿನ ವ್ಯಾನು ನನ್ನದು. ಹತ್ತೊಂಬತ್ತರ ಪ್ರಾಯ.
ಬಂದೂಕಿನ ಹುಡುಗನಿಗೂ ಅಷ್ಟೇ ಇರಬೇಕು.
ಒಂದೊಂದೇ ಇಳಿಸು ಅಂದ. ನೂರ ನಲವತ್ತು ಬ್ರೆಡ್ಡು
ಒಂದೊಂದಾಗಿ ಎತ್ತಿ ತೋರಿಸಿದೆ, ಮಳೆಯಲ್ಲಿ.
ಅವನೂ ನೆನೆದ, ಪಾಪ.'

ಈಗ ಅಲ್ಲಿ ಒಂದು ಕುರಿ, 'ಜಾಗ ಮಾರಾಟಕ್ಕಿದೆ' ಎಂಬ ಹಲಗೆ.
ಟರ್ಲೊ ಸೀಟಿನ ಹಿಂದಿನ ಚೀಲ ಬಿಚ್ಚಿದ.
ಒಂದು ಬಾಳೆಹಣ್ಣು ಎತ್ತಿ ಹಿಡಿದು ಬೇಲಿಗೆ ತೋರಿಸಿದ.
ಇನ್ನೊಂದು. ಪಂಕ್ಚರಿನ ಡಬ್ಬಿ. ಒದ್ದೆ ಕಾಲುಚೀಲ.
ಕುರಿ ಮೇಯುವುದನ್ನು ನಿಲ್ಲಿಸಿ ನೋಡಿತು.
ನಗಬೇಕೋ ಬೇಡವೋ ತಿಳಿಯದೆ
ಬಸ್ಸಿನ ಹಳೆಯ ದನಿಯಲ್ಲಿ
'ಸರಿ, ಹೋಗಬಹುದು' ಅಂದೆ.
ಹೋದ. ಮುಂದಿನ ದಿಬ್ಬವನ್ನು ಇಳಿಯದೆ ಹತ್ತಿದ.

ಮ್ಯಾಲಿನ್ ತುದಿಗೆ ನಾವು ಮುಟ್ಟುವಷ್ಟರಲ್ಲಿ
ಫೋಟೊ ಮುಗಿದಿತ್ತು, ಚಹಾ ಆರಿತ್ತು,
ಯೂನನ್ ಗಡಿಯಾರ ನೋಡದವನ ಹಾಗೆ ನಟಿಸುತ್ತಿದ್ದ.
ಮತ್ತೊಂದು ಫೋಟೊ ಆಯಿತು. ತೆಗೆದವಳು ನಾನು.
ಕಡಲಿಗೆ ಬೆನ್ನು ಮಾಡಿ ನಿಂತ ಹದಿನೇಳು ಮುಖ.
ಯಾರಪ್ಪಾ ಇವರೆಲ್ಲ, ಅನ್ನಿಸಿತು.

ಬಸ್ಸು ನಿಲ್ಲಿಸಿದ ಮೇಲೆ ಕೊನೆಯ ಸೀಟಿನವರೆಗೆ ನಡೆದು
ನಿದ್ದೆ ಹೋದ ಮಗು, ಮರೆತ ಟೋಪಿ ಹುಡುಕುವುದು ನನ್ನ ಚಾಳಿ.
ಎಲ್ಲರೂ ಬಿಸಿ ಸೂಪಿಗೆ ಓಡಿದರು. ನಾನು
ಬಂದ ದಾರಿಯಲ್ಲೇ ನೂರು ಹೆಜ್ಜೆ ಹಿಂದೆ ನಡೆದೆ.
ಆರು ದಿನ ಎದುರಿಗಿದ್ದ ಗಾಳಿ ಈಗ ಬೆನ್ನಿಗೆ.

ತಿರುವಿನಲ್ಲಿ ಒಂದು ಕೈಗವಸು, ಎಡಗೈಯದು.
ಬೆರಳು ಮಡಿಚಿಕೊಂಡು, ಇಲ್ಲದ ಹ್ಯಾಂಡಲನ್ನು
ಇನ್ನೂ ಹಿಡಿದೇ ಇತ್ತು.