ಸೀಟಿಗಿಂತ ಮೊದಲು

ಇಳಕಲ್ಲಿನ ನಮ್ಮ ಸಾಲಿ ಮೈದಾನಕ್ಕ
ಕ್ವಾರಿಯವರು ಧರ್ಮಕ್ಕಂತ ಹಾಕಿಸಿದ್ದು
ಎಂಟು ಟ್ರ್ಯಾಕ್ಟರ್ ಮಣ್ಣು.
ಮಣ್ಣು ಅಂದರ ಅರ್ಧ ಮಣ್ಣು; ಉಳಿದರ್ಧ
ಕೆಂಪು ಗ್ರಾನೈಟಿನ ಚೂರು, ಒಂದೊಂದೂ ಚೂರಿ.

ಅದಕ್ಕ ನನ್ನ ಪಿರಿಯಡ್ಡಿಗೆ ಒಂದೇ ಕಾಯದೆ:
ಸೀಟಿ ಊದೂದಕ್ಕ ಮೊದಲು
ತಲಿಗೊಂದು ಬೊಗಸಿ ಕಲ್ಲು.
ಆರಿಸಬೇಕು, ಗ್ವಾಡಿಗುಂಟ ಚೆಲ್ಲಬೇಕು,
ಆಮ್ಯಾಲೆ ಖೋ.

"ಆಟದ ಟೀಚರಲ್ಲ, ಅಕ್ಕಿ ಹಸನ ಮಾಡಾಕಿ"
ಅಂತ ಸ್ಟಾಫ್ ರೂಮಿನ್ಯಾಗ ನಗತಾರ. ನಗಲಿ.
ಹುಸೇನಮಾನ ಮೊಣಕಾಲು ಅವರು ಹಿಡಿದಿಲ್ಲ.
ಎಂಥಾ ಡೈವ್ ಹೊಡೆದಿದ್ದಳು ಅವತ್ತು!
ಔಟಾದ ಹುಡುಗೀನೂ ಚಪ್ಪಾಳಿ ತಟ್ಟಿದಳು.
ಎದ್ದು ನಿಂತಾಗ
ಕೆಂಪು ಕಲ್ಲು, ಕೆಂಪು ರಗತ,
ಯಾವುದು ಎಲ್ಲಿ ಮುಗೀತು ತಿಳೀಲಿಲ್ಲ ನನಗ.
ಔಷಧದ ಪೆಟ್ಟಿಗಿ ಕೀಲಿಕೈ
ಕಡಿವಾಲ ಸರ್ ಕಿಸೆದಾಗ,
ಸರ್ ಹುನಗುಂದದಾಗ, ಮೀಟಿಂಗಿನ್ಯಾಗ.
ಸೆರಗಿನ ತುದಿ ಹರಿದು ಕಟ್ಟಿದೆ,
ಅವಳ ಓಣ್ಯಾಗ ನೇದ ಸೆರಗು.

ಮರುದಿನದಿಂದ ಪೆಟ್ಟಿಗಿಗೆ ಕೀಲಿ ಇಲ್ಲ.
ಮುರದಾಕಿ ನಾನ.
ಖೋ ಕಂಬಕ್ಕ ಹಳೇ ಟೈರು ಸುತ್ತೀನಿ.
ಗುಂಡು ಒಗೆಯೋ ಮುಂದ ಸುಣ್ಣದ ಗೆರಿ ದಾಟಿದರ
ತಾಲೂಕಿಗೆ ಫಸ್ಟ್ ಬಂದ ತುಕಾರಾಮನೂ ಹೊರಗ.
ಮಾರ್ಚಿನ ಬಿಸಿಲಿಗೆ ಹನ್ನೊಂದರ ಮ್ಯಾಲೆ ಓಟಿಲ್ಲ,
ಬ್ಯಾರೆ ಸಾಲಿ ಕಪ್ ಒಯ್ದರ ಒಯ್ಯಲಿ.

ವರ್ಷದ ಕೊನೀಗೆ ಒಂದು ಫಾರ್ಮು ಬರತೈತಿ:
'ಪೆಟ್ಟಾದವರು ಎಷ್ಟು?'
ಸೊನ್ನಿ ಬರೀತೀನಿ.
ಆಗದ ಪೆಟ್ಟಿಗೆ ಕಾಲಮ್ಮಿಲ್ಲ ಅದರಾಗ.
ಆ ಸೊನ್ಯಾಗ ಎಷ್ಟು ಬೊಗಸಿ ಹಿಡಿದಾವು
ಯಾರು ಎಣಿಸ್ಯಾರ?

ಹ್ವಾದ ವಾರ ಸಾಹೇಬರು ಬಂದಿದ್ದರು.
ಗ್ವಾಡಿಗುಂಟ ಬೆಳೆದ ಕಲ್ಲಿನ ಗುಡ್ಡಿ ನೋಡಿ
ಹುಬ್ಬೇರಿಸಿದರು:
"ಏನ್ರೀ ಇದು? ಹುಡುಗೂರು ಹತ್ತಿ ಬಿದ್ದರ?"
ನಾ ಬಾಯಿ ತೆಗೆಯೂದರಾಗ
ಮೂರನೇ ಇಯತ್ತೆದ ಪೋರೊಬ್ಬ ಅದರ ತುದಿಗೆ,
ಒಂದು ಕೈಲೆ ಚಡ್ಡಿ ಹಿಡಕೊಂಡು
ಇನ್ನೊಂದು ಕೈ ಆಕಾಶಕ್ಕ.

ಸಾಹೇಬರಂದದ್ದು ಖರೆ.
ಸೀಟಿ ಬಾಯಿತನಕ ಹೋಗಿತ್ತು.
ಬೆದರಿ ಬಿದ್ದಗಿದ್ದಾನು ಅಂತ
ಊದಲಿಲ್ಲ.
ಸಪ್ಪಳಿಲ್ಲದ ಹೋಗಿ
ಅವನ ಕೆಳಗ ನಿಂತೆ,
ಎರಡೂ ಕೈ ಚಾಚಿ.