ಗಾತ್ರ: ತಿಳಿಯದು

ಮೊದಲ ಸಭೆ ಬಸ್ ನಿಲ್ದಾಣದಲ್ಲಿ, ನಾನು ಟಿಕೆಟ್ ಹರಿಯುವ ಕೋಣೆಯಲ್ಲಿ.
ಆರು ಕುರ್ಚಿ, ಐದು ಜನ.
ಆರನೆಯದರ ಮೇಲೆ ಎದೆಲ್ಮೀರಾ ಬೇಕರಿಯಿಂದ ಹೊತ್ತು ತಂದ ತಕ್ಕಡಿ.
ಗೋಡೆಗೆ ಕೋರ್ದೊಬಾ ಪ್ರಾಂತ್ಯದ ನಕ್ಷೆ,
ಮಡಿಕೆ ಹರಿದಲ್ಲಿ ಎರಡು ಊರು ಕಾಣೆ.

ಹವಾಮಾನ ಕಚೇರಿಯವರು ಕೇಳಿದ್ದು ಇಷ್ಟೆ:
ಬಿರುಗಾಳಿ ಬಂದು ಹೋದ ಮೇಲೆ
ಜನ ಕಂಡದ್ದನ್ನು ಕೂಡಿಸಿ ಕಳಿಸಿ.
ರೇಡಾರಿಗೆ ಮೋಡದ ಹೊಟ್ಟೆಯೊಳಗಿನದು ಕಾಣುತ್ತದಂತೆ,
ಒಡೆದ ಹೆಂಚು ಕಾಣದಂತೆ.

ಕಂಡದ್ದನ್ನು!
ನಾವು ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು.
ಈ ಬಯಲಲ್ಲಿ ಬಾಯಿಂದ ಬಾಯಿಗೆ ಹೋದ ಆಲಿಕಲ್ಲು
ಕರಗುವುದಿಲ್ಲ,
ಬೆಳೆಯುತ್ತದೆ.

ಮೊದಲ ಫೋನು: ಮೊಟ್ಟೆಗಾತ್ರದ್ದು ಬಿತ್ತು.
ಯಾವುದರ ಮೊಟ್ಟೆ? ಕೇಳಿದ ಫಾಕುಂದೋ,
ದನದ ಡಾಕ್ಟರು, ಅವನಿಗೆ ಅದು ನಿಜವಾದ ಪ್ರಶ್ನೆ.
ಲಾವಕ್ಕಿಯದೊ, ಕೋಳಿಯದೊ,
ಹುಲ್ಲಲ್ಲಿ ಓಡುವ ನ್ಯಾಂದು ಹಕ್ಕಿಯದೊ?
ಆ ಕಡೆ ಸ್ವಲ್ಪ ಹೊತ್ತು ಮೌನ.
ಆಮೇಲೆ: "ಸ್ವಾಮಿ, ನನ್ನ ಲಾರಿ ಗಾಜಿನ ತೂತಿನಷ್ಟು."

ಅಂದೇ ನಿಯಮ ಮಾಡಿದೆವು.
ಮೊಟ್ಟೆ ಬೇಡ, ನಿಂಬೆ ಬೇಡ, ಮುಷ್ಟಿಯಂತೂ ಬೇಡ
(ಎದೆಲ್ಮೀರಾಳ ಮುಷ್ಟಿ ಎರಡು, ಅವಳ ಗಂಡನದು ಒಂದು).
ಸೋಡಾ ಬಾಟಲಿಯ ಮುಚ್ಚಳ ಪಕ್ಕದಲ್ಲಿಟ್ಟು ಫೋಟೋ ಹಿಡಿಯಿರಿ.
ಮಳೆ ನಿಲ್ಲದೆ ಹೊರಗೆ ಹೋಗಬೇಡಿ.
ಎರಡನೆಯದನ್ನು ಬರೆದದ್ದು ಸಿಪ್ರಿಯಾನೋಗಾಗಿ,
ತಲೆಗೆ ಬಾಣಲೆ ಕವುಚಿಕೊಂಡು ಅಂಗಳಕ್ಕಿಳಿದವನು.
ಅವನ ವರದಿ ಚೊಕ್ಕವಾಗಿತ್ತು:
ಸಮಯ, ನಾಲ್ಕೂ ಹತ್ತು. ಗಾಳಿ, ತೆಂಕಣದ್ದು. ಹೊಲಿಗೆ, ಏಳು.

ಡಿಸೆಂಬರ್ ಮುಗಿಯುವಾಗ ದರ್ಜಿಯ ಗುಂಡುಸೂಜಿಯೆಲ್ಲ ಖಾಲಿ.
ಊರ ಸುತ್ತ ಕೆಂಪು, ಹೆದ್ದಾರಿಯುದ್ದಕ್ಕೂ ಕೆಂಪು,
ಪೆಟ್ರೋಲ್ ಬಂಕಿನ ಬಳಿ ಸೂಜಿಯ ಮೇಲೆ ಸೂಜಿ.
ಪಡುವಣಕ್ಕೆ, ಉಪ್ಪಿನ ಬಯಲಿನ ಕಡೆಗೆ,
ಏನೂ ಇಲ್ಲ.
"ಪುಣ್ಯವಂತರು," ಎಂದಳು ಎದೆಲ್ಮೀರಾ.
"ಮೋಡವೂ ಡಾಂಬರು ರಸ್ತೆ ಹಿಡಿದೇ ಹೋಗುತ್ತದೇನು?" ಎಂದ ಫಾಕುಂದೋ.
ನಾನು ಮಾತಾಡಲಿಲ್ಲ. ಆ ಕಡೆಗೆ
ವಾರಕ್ಕೆ ಎರಡೇ ಬಸ್ಸು, ಹರಿಯುವುದು ಎಂಟು ಟಿಕೆಟ್ಟು,
ಟವರು ಒಂದೂ ಇಲ್ಲ ಎಂದು ನನಗೆ ಗೊತ್ತು.
ಗೊತ್ತಿದ್ದೂ ತಿಂಗಳೆಲ್ಲ ಆ ಬಿಳಿಯನ್ನು
ಬಿಸಿಲೆಂದೇ ಓದಿದ್ದೆ.

ಚಾಲಕ ಇಲಾರಿಯೋ ಕೈಯಲ್ಲಿ ನಮೂನೆಗಳ ಕಟ್ಟು ಕಳಿಸಿದೆ.
ತಿರುಗಿ ಬಂದವು, ಬೆನ್ನಿಗೆ ಸಾಮಾನು ಪಟ್ಟಿ ಬರೆಸಿಕೊಂಡು:
ಹಿಟ್ಟು, ಮೊಳೆ, ಎರಡು ಮೇಣದಬತ್ತಿ.

ಒಂದು ಶುಕ್ರವಾರ ಅವನು
ಕಿಟಕಿಯೊಳಗೆ ಫ್ಲಾಸ್ಕ್ ಒಂದನ್ನು ತಳ್ಳಿದ.
ಕಡೇ ನಿಲ್ದಾಣದ ರುಫೀನಾ ಅಯಾಲಾ, ಮೇಕೆಯವಳು, ಕೊಟ್ಟದ್ದು.
ಒಳಗೆ ನೀರು. ತಳದಲ್ಲಿ ಕಡಲೆಕಾಳಿನಷ್ಟು ಹರಳು,
ನಾವು ಬಗ್ಗಿ ನೋಡುವಷ್ಟರಲ್ಲಿ ಅದೂ ಇಲ್ಲ.
"ಏನಾದರೂ ಹೇಳಿದಳೆ?"
"ಹೇಳಿದಳು. ಫ್ಲಾಸ್ಕಿನ ಬಾಯಿಗೆ ಹಿಡಿಸಲಿಲ್ಲವಂತೆ,
ಸುತ್ತಿಗೆಯಲ್ಲಿ ಒಡೆದು ತುಂಬಿದಳಂತೆ.
ಮೇಕೆ ನಾಲ್ಕು ಸತ್ತವಂತೆ.
ಫ್ಲಾಸ್ಕ್ ತಪ್ಪದೆ ವಾಪಸ್ ಬೇಕಂತೆ."

ಎದೆಲ್ಮೀರಾ ನೀರನ್ನು ತಕ್ಕಡಿಗೆ ಹೊಯ್ದಳು.
ಇನ್ನೂರ ತೊಂಬತ್ತು ಗ್ರಾಂ.
ಸುತ್ತಿಗೆಗೆ ಸಿಡಿದದ್ದು ಅಲ್ಲೇ, ಅವಳ ಅಂಗಳದಲ್ಲಿ.
ಗಾತ್ರ, ತಿಳಿಯದು, ಎಂದು ಬರೆದೆ.
ಷರಾ ಕಾಲಮ್ಮಿನಲ್ಲಿ: ಫ್ಲಾಸ್ಕಿನ ಬಾಯಿಗಿಂತ ದೊಡ್ಡದು.
ಮೇಕೆಗೆ ಕಾಲಮ್ಮು ಇರಲಿಲ್ಲ. ಸ್ಕೇಲ್ ಇಟ್ಟು ಒಂದು ಗೆರೆ ಎಳೆದೆ.

ಮಂಗಳವಾರ ಫ್ಲಾಸ್ಕ್ ತೊಳೆದು ಇಲಾರಿಯೋಗೆ ಕೊಟ್ಟೆ,
ಹಿಡಿಗೆ ದಾರದಲ್ಲಿ
ಸೋಡಾ ಮುಚ್ಚಳವೊಂದನ್ನು ಕಟ್ಟಿ.